13ಬಿ ರೋಟರಿ: ಫುಲ್ ಥ್ರಾಟಲ್‌ನಲ್ಲಿ ಫ್ಯೂಯೆಲ್ ಪ್ರೆಶರ್ ಬೀಳ್ತಿದೆ, ಯಾವ ಫಿಲ್ಟರ್ ಕಟ್ಟಿದೆ ಅಂತ ಹಿಡಿಯೋದು ಹೇಗೆ?

ಭೋಸರಿ ಶೆಡ್:

ಎಲ್ಲರಿಗೂ ನಮಸ್ಕಾರ. ಎರಡು ಸೀಟಿನ ಫೈಬರ್ ಹೋಂಬಿಲ್ಟ್, ಅಂದ್ರೆ ಮನೆಯಲ್ಲಿ ಕಟ್ಟಿದ ವಿಮಾನ. ಇಂಜಿನ್ ಮಜ್ದಾ ಆರ್‌ಎಕ್ಸ್-8 ಕಾರಿನ 13ಬಿ ರೆನೆಸಿಸ್ (ಪಿಸ್ಟನ್ ಬದಲು ರೋಟರ್ ತಿರುಗೋ ರೋಟರಿ), ಗೇರ್‌ಬಾಕ್ಸ್ 2.85:1. ಇನ್ನೂ ಹಾರಿಲ್ಲ. ಭೋಸರಿಯಲ್ಲಿ ಚಕ್ರಕ್ಕೆ ಅಡೆ ಕೊಟ್ಟು, ಬಾಲ ಕಟ್ಟಿ ಗ್ರೌಂಡ್ ರನ್ ಮಾತ್ರ ನಡೀತಿದೆ.

ಲೈನ್ ಹೀಗಿದೆ: ಎಡ ಮತ್ತು ಬಲ ರೆಕ್ಕೆಯ ಟ್ಯಾಂಕ್, ಪ್ರತಿ ಟ್ಯಾಂಕ್‌ನ ಔಟ್‌ಲೆಟ್‌ನಲ್ಲಿ ಜಾಲರಿ, ಅಲ್ಲಿಂದ ಸೆಲೆಕ್ಟರ್ ವಾಲ್ವ್. ನಂತರ ಎರಡು ಕವಲು. ಒಂದೊಂದರಲ್ಲೂ 100 ಮೈಕ್ರಾನ್ ಸ್ಟೀಲ್ ಪ್ರೀ-ಫಿಲ್ಟರ್, ಎಲೆಕ್ಟ್ರಿಕ್ ಪಂಪ್ (ಗಂಟೆಗೆ 255 ಲೀಟರ್ ಅಂತ ಬರೆದಿದೆ), ಚೆಕ್ ವಾಲ್ವ್. ಎರಡೂ ಸೇರಿ ಒಂದು 10 ಮೈಕ್ರಾನ್ ಪೇಪರ್ ಫಿಲ್ಟರ್, ಆಮೇಲೆ ರೇಲ್ (ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಹಂಚೋ ಪೈಪ್), ರೆಗ್ಯುಲೇಟರ್, ಎಳೆದ ಟ್ಯಾಂಕಿಗೇ ರಿಟರ್ನ್. ಹೋಸ್ ಎಲ್ಲ ಎಎನ್-6 ಅಳತೆಯವು. ಇಂಧನ: ಬಂಕಿನ ಇ20 (ಶೇ 20 ಎಥನಾಲ್ ಬೆರೆತ) ಪೆಟ್ರೋಲ್, ಲೀಟರಿಗೆ 8 ಎಂಎಲ್ ಟೂ-ಸ್ಟ್ರೋಕ್ ಆಯಿಲ್ ಬೆರೆಸಿದ್ದು. ಇಂಜಿನ್ ಒಳಗಿನ ಸೀಲಿಗೆ ಎಣ್ಣೆ ಕೊಡೋ ಆಯಿಲ್ ಮೀಟರಿಂಗ್ ಪಂಪ್ ತೆಗೆದಿದೆ.

ತೊಂದರೆ ಏನಂದ್ರೆ, 4000 ಆರ್‌ಪಿಎಂ ತನಕ ಎಲ್ಲ ಸರಿ, ರೇಲ್ ಪ್ರೆಶರ್ ಅಲುಗಾಡೋದಿಲ್ಲ. ಫುಲ್ ಥ್ರಾಟಲ್ ಕೊಟ್ಟು ಸುಮಾರು 40 ಸೆಕೆಂಡಿಗೆ ರೇಲ್ 3 ಬಾರ್‌ನಿಂದ 2.5ಕ್ಕೆ ಇಳಿಯುತ್ತೆ, ಲ್ಯಾಂಬ್ಡಾ (ಗಾಳಿ-ಪೆಟ್ರೋಲ್ ಅನುಪಾತ; ಏರಿದ್ರೆ ಪೆಟ್ರೋಲ್ ಕಡಿಮೆ ಅಂತ ಅರ್ಥ) 0.84ರಿಂದ 0.95ಕ್ಕೆ ಏರುತ್ತೆ, ಪಂಪ್ ಕೀರಲು ದನಿ ತೆಗೆಯುತ್ತೆ. 10 ಮೈಕ್ರಾನ್ ಫಿಲ್ಟರ್ ಹೊಸದು ಹಾಕಿದ್ರೂ ಬದಲಾವಣೆ ಇಲ್ಲ. ಪ್ರೀ-ಫಿಲ್ಟರಾ, ಪಂಪಾ, ಟ್ಯಾಂಕಾ? ಎಲ್ಲ ಬಿಚ್ಚೋ ಮೊದಲು ಎಲ್ಲಿಂದ ಶುರು ಮಾಡಬೇಕು?

ಹಡಪಸರ ಗಾಳಿ:

ಮೊದಲನೇ ಮಾತು, ಕಾರಣ ಸಿಗೋ ತನಕ ಇನ್ನೊಂದು ಸಲ ಫುಲ್ ಥ್ರಾಟಲ್ ಕೊಡಬ್ಯಾಡ್ರಿ. ಪಿಸ್ಟನ್ ಇಂಜಿನ್ ಸ್ವಲ್ಪ ಡಿಟೋನೇಶನ್ (ಪೆಟ್ರೋಲ್ ಕಡಿಮೆಯಾದಾಗ ಮಿಶ್ರಣ ತಾನೇ ಒಮ್ಮೆಗೇ ಸಿಡಿಯೋದು) ತಡಕೋಬಹುದು. 13ಬಿಯ ಅಪೆಕ್ಸ್ ಸೀಲ್ (ರೋಟರಿನ ಮೂಲೆಯ ಪಟ್ಟಿ) ತಡಕೊಳ್ಳೋದಿಲ್ಲ, ಮುರಿಯುತ್ತೆ. ನಿಮ್ಮದರಲ್ಲಿ ಸೀಲಿಗೆ ಬೇಕಾದ ಎಣ್ಣೆಯೂ ಪೆಟ್ರೋಲಿನ ಜೊತೆಗೇ ಬರ್ತದ. ಪೆಟ್ರೋಲ್ ಕಡಿಮೆ ಬಂತು ಅಂದ್ರ ಸೀಲಿನ ಎಣ್ಣೆಯೂ ಕಡಿಮೆ ಆಯ್ತು. ಶಾಖ ಏರೋ ಹೊತ್ತಿಗೇ ಎಣ್ಣೆ ಇಳೀತದ.

ಇನ್ನು ರೇಲ್ ಗೇಜ್. ಅದನ್ನ ನೋಡಿ ಫಿಲ್ಟರ್ ಚೆನ್ನಾಗಿದೆ ಅನ್ನೋರು ಬಹಳ ಜನ, ತಪ್ಪಾಗೋದೇ ಅಲ್ಲಿ. ರೆಗ್ಯುಲೇಟರ್ ಕೆಲಸ ಏನು? ಇಂಜಿನ್‌ಗೆ ಬೇಕಾದ್ದಕ್ಕಿಂತ ಹೆಚ್ಚು ಬಂದದ್ದನ್ನ ವಾಪಸ್ ಟ್ಯಾಂಕಿಗೆ ಕಳಿಸಿ ರೇಲ್‌ನಲ್ಲಿ 3 ಬಾರ್ ಉಳಿಸೋದು. ಪಂಪ್ ಗಂಟೆಗೆ 220 ಲೀಟರ್ ತಳ್ಳಿದ್ರೂ 3 ಬಾರ್, ಫಿಲ್ಟರ್ ಕಟ್ಟಿ 80 ಲೀಟರಿಗೆ ಇಳಿದ್ರೂ 3 ಬಾರ್. ರಿಟರ್ನ್ ಪೂರ್ತಿ ಒಣಗಿದ ಮೇಲಷ್ಟೇ ಮುಳ್ಳು ಇಳೀತದ, ಅದೂ ಇಂಜಿನ್ ಅತಿ ಹೆಚ್ಚು ಕುಡಿಯೋ ಟೇಕಾಫ್ ಹೊತ್ತಿನಾಗ. ಅದಕ್ಕೇ ಅಳೀಬೇಕಾದ್ದು ಪ್ರೆಶರ್ ಅಲ್ಲ, ರಿಟರ್ನ್‌ನಲ್ಲಿ ಎಷ್ಟು ಬರ್ತದ ಅನ್ನೋದು.

ನಿಮ್ಮ ಇಂಜಿನ್‌ಗೆ ಎಷ್ಟು ಬೇಕು ಅನ್ನೋ ಲೆಕ್ಕ ಮಾಡೋಣ. ರೋಟರಿಗೆ ಪೂರ್ತಿ ಶಕ್ತಿಯಲ್ಲಿ ಪ್ರತಿ ಅಶ್ವಶಕ್ತಿಗೆ ಗಂಟೆಗೆ ಸುಮಾರು 235 ಗ್ರಾಂ ಹಿಡೀರಿ. 160 ಅಶ್ವಶಕ್ತಿಗೆ 38 ಕೆಜಿ ಹತ್ತಿರ, ಅಂದ್ರೆ ಶುದ್ಧ ಪೆಟ್ರೋಲಾದ್ರ 51 ಲೀಟರ್. ಇ20ಯಲ್ಲಿ ಶಕ್ತಿ ಶೇ 6–7 ಕಡಿಮೆ, ಹಾಗಾಗಿ 55 ಲೀಟರ್. ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎಯ ಸಣ್ಣ ವಿಮಾನಗಳ ಹಳೇ ನಿಯಮ, ಭಾಗ 23ರಲ್ಲಿ ಪಂಪ್ ಇರೋ ಸಿಸ್ಟಂಗೆ ಟೇಕಾಫ್ ಬಳಕೆಯ ಶೇ 125, ಬರೀ ಗುರುತ್ವದಿಂದ ಇಳಿಯೋದಕ್ಕೆ ಶೇ 150 ಅಂತ ಇತ್ತು. ಹೋಂಬಿಲ್ಟ್‌ನವರೂ ಅದನ್ನೇ ಹಿಡಕೊಂಡು ಬಂದಾರ. 55ರ ಶೇ 125 ಅಂದ್ರ 69 ಲೀಟರ್. ರಿಟರ್ನ್‌ನಿಂದ ಕ್ಯಾನಿಗೆ ಐದು ಲೀಟರ್ ತುಂಬಲಿಕ್ಕೆ 4 ನಿಮಿಷ 20 ಸೆಕೆಂಡಿಗಿಂತ ಹೆಚ್ಚು ಹಿಡಿದ್ರ ವಿಮಾನ ಹಾರಬಾರದು. ಆದ್ರ ಇದು ಕಟ್ಟಕಡೆಯ ಗೆರೆ. ಸ್ವಚ್ಛ ಫಿಲ್ಟರ್ ಇದ್ದಾಗ ಬಂದ ಸಮಯ ಬರೆದಿಟ್ಟು, ಹರಿವು ಅದಕ್ಕಿಂತ ಶೇ 20 ಇಳಿದ್ರ ಆಗಲೇ ಬಿಚ್ಚೋದು ಸರಿ.

ಅಳೆಯೋ ಕ್ರಮ: ಇಂಜಿನ್ ಆಫ್. ಬಾಗಿಲು ತೆರೆದ ಶೆಡ್, ಪಕ್ಕದಲ್ಲಿ ಬೆಂಕಿ ಆರಿಸೋ ಡ್ರೈ ಪೌಡರ್ ಸಿಲಿಂಡರ್. ಮೂಗು ಎತ್ತಿ ಏರುವ ಕೋನಕ್ಕೆ ನಿಲ್ಲಿಸ್ರಿ, ಟ್ಯಾಂಕ್‌ನಲ್ಲಿ ಕಡಿಮೆ ಪೆಟ್ರೋಲ್ ಇರಲಿ. ರಿಟರ್ನ್ ಹೋಸನ್ನ ಟ್ಯಾಂಕ್ ಕಡೆ ಬಿಚ್ಚಿ ಲೋಹದ ಕ್ಯಾನಿಗೆ ಬಿಡ್ರಿ, ಪ್ಲಾಸ್ಟಿಕ್ ಬ್ಯಾಡ. ಕ್ಯಾನಿಗೂ ವಿಮಾನದ ಗ್ರೌಂಡ್‌ಗೂ ವೈರ್ ಕಟ್ಟಿದ ಮೇಲೇ ಪಂಪ್ ಸ್ವಿಚ್. ಬ್ಯಾಟರಿಗೆ ಚಾರ್ಜರ್ ಕೊಟ್ಟು 13.8 ವೋಲ್ಟ್ ಹಿಡೀರಿ. 12.2 ವೋಲ್ಟ್‌ನಲ್ಲಿ ಒಳ್ಳೇ ಪಂಪೂ ಕಡಿಮೆ ತಳ್ತದ, ಸುಮ್ಮನೆ ಫಿಲ್ಟರ್ ಮೇಲೆ ಅನುಮಾನ ಬರ್ತದ. ಇಂಜಿನ್ ಆಫ್ ಇದ್ದಾಗ ರೆಗ್ಯುಲೇಟರಿಗೆ ವ್ಯಾಕ್ಯೂಮ್ ಇಲ್ಲ, ಅಂದ್ರ ಪಂಪ್ ಎದುರಿಸೋ ಒತ್ತಡ ಫುಲ್ ಥ್ರಾಟಲ್‌ದೇ. ಹಾಗಾಗಿ ಈ ಅಳತಿ ಕುಂತಲ್ಲೇ ಟೇಕಾಫ್ ನೋಡಿದ ಹಾಗೆ.

ಒಂದೊಂದು ಲೀಟರಿನ ಸಮಯ ಬೇರೆ ಬೇರೆ ಬರೀರಿ. ಒಂದನೇ ಪಂಪ್, ಎರಡನೇ ಪಂಪ್, ಎರಡೂ ಕೂಡಿ. ನಂತರ ಇನ್ನೊಂದು ಟ್ಯಾಂಕಿಂದ ಅದೇ. ಒಂದು ಪಂಪ್ ಮಾತ್ರ ಕಡಿಮೆ ಬಂದ್ರ ಅದರ ಪ್ರೀ-ಫಿಲ್ಟರ್ ಇಲ್ಲ ಪಂಪ್. ಎರಡೂ ಒಂದೇ ಸಮ ಕಡಿಮೆ ಆದ್ರ ಇಬ್ಬರಿಗೂ ಸೇರಿದ ಜಾಗ.

ಜೊತೆಗೆ ಪಂಪ್ ವೈರಿಗೆ ಡಿಸಿ ಕ್ಲಾಂಪ್ ಮೀಟರ್ ಹಾಕ್ರಿ (ಬುಧವಾರ ಪೇಠೆಯ ತಪಕೀರ್ ಗಲ್ಲಿಯಾಗ ಸಿಗ್ತದ, ಬರೀ ಎಸಿ ಅಳೆಯೋದು ತರಬ್ಯಾಡ್ರಿ). ಪಂಪಿನ ಮುಂದಿನ ಫಿಲ್ಟರ್ ಕಟ್ಟಿದ್ರ ಪಂಪ್ ಹೆಚ್ಚು ಒತ್ತಡಕ್ಕೆ ತಳ್ಳಬೇಕಾಗ್ತದ, ಆಂಪ್ ಏರ್ತದ. ಹಿಂದಿನ, ಅಂದ್ರ ಎಳೆಯೋ ಕಡೆ ಕಟ್ಟಿದ್ರ ಪಂಪ್ ಆವಿ ಕಡೀತದ (ಎಳೆತಕ್ಕೆ ಪೆಟ್ರೋಲ್ ಒಳಗೇ ಕುದ್ದು ಆವಿಯಾಗ್ತದ), ಆಂಪ್ ಇಳೀತದ, ಮುಳ್ಳು ನಡುಗ್ತದ, ಕೀರಲು ದನಿ ಬರ್ತದ. ನಿಮ್ಮ ದನಿ ಕೇಳಿದ್ರ ಎಳೆಯೋ ಕಡೆ ಅಂತಲೇ ಅನ್ನಿಸ್ತದ, ಆದ್ರ ಅಳೆದು ನೋಡ್ರಿ.

ಜುಹು ಹ್ಯಾಂಗರ್:

ಮೇಲಿನವರು ಹೇಳಿದ್ದು ಸರಿ. ಫಿಲ್ಟರ್ ಕಟ್ಟಿದ ಹಾಗೆಯೇ ಕಾಣುವ, ಆದರೆ ಫಿಲ್ಟರ್ ಅಲ್ಲದ ಕೆಲವನ್ನು ಮೊದಲು ಕಳೆಯಿರಿ.

ಒಂದು ಟ್ಯಾಂಕ್ ವೆಂಟ್, ಅಂದರೆ ಟ್ಯಾಂಕ್ ಒಳಗೆ ಗಾಳಿ ಬಿಡುವ ಕೊಳವೆ. ಶುರುವಿಗೆ ಸರಿ ಇದ್ದು ಸ್ವಲ್ಪ ಹೊತ್ತಿನ ಮೇಲೆ ಪ್ರೆಶರ್ ಬೀಳುವುದು ಇದರ ಲಕ್ಷಣವೂ ಹೌದು. ಮುಚ್ಚಳ ತೆಗೆದಾಗ ಸುಯ್ ಎಂದು ಗಾಳಿ ಒಳಗೆ ಹೋದರೆ ವೆಂಟ್ ಕಟ್ಟಿದೆ. ಕುಂಬಾರ ಹುಳ ಅಂತೇವಲ್ಲ, ಮಣ್ಣಿನ ಗೂಡು ಕಟ್ಟುವ ಕಣಜ, ಅದಕ್ಕೆ ನಿಂತ ವಿಮಾನದ ವೆಂಟ್ ಪೈಪ್ ಬಹಳ ಇಷ್ಟ. ಮುಚ್ಚಳ ತೆಗೆದಿಟ್ಟೇ ಒಮ್ಮೆ ಹರಿವು ಅಳೆಯಿರಿ.

ಇನ್ನೊಂದು, ಎಳೆಯುವ ಕಡೆಯ ಜಾಯಿಂಟ್‌ನಿಂದ ಗಾಳಿ ಸೇರುವುದು. ಅಲ್ಲಿ ಪೆಟ್ರೋಲ್ ಹೊರಗೆ ಸೋರುವುದಿಲ್ಲ, ಆದ್ದರಿಂದ ಕಣ್ಣಿಗೆ ಬೀಳುವುದಿಲ್ಲ. ಅಳೆಯುವಾಗ ರಿಟರ್ನ್ ತುದಿಗೆ ಒಂದು ಗೇಣು ಪಾರದರ್ಶಕ ಫ್ಯೂಯೆಲ್ ಹೋಸ್ ಸೇರಿಸಿ ನೋಡಿ. ಗಾಳಿ ಸೇರಿದ್ದರೆ ಗುಳ್ಳೆ ಅಲ್ಲಿಯವರೆಗೂ ಬರುತ್ತದೆ. ಪಂಪ್ ಆವಿ ಕಡಿಯುತ್ತಿದ್ದರೆ ಆ ಆವಿ 3 ಬಾರ್‌ನಲ್ಲಿ ಮತ್ತೆ ದ್ರವವಾಗುತ್ತದೆ, ರಿಟರ್ನ್ ಹೆಚ್ಚಾಗಿ ತಿಳಿಯಾಗಿಯೇ ಇರುತ್ತದೆ.

ಇಂಜೆಕ್ಟರ್, ಇಗ್ನಿಶನ್ ಎರಡನ್ನೂ ನಿಮ್ಮ ಕೇಸಿನಲ್ಲಿ ಬಿಡಬಹುದು. ಸೆಕೆಂಡರಿ ಇಂಜೆಕ್ಟರ್ ಸೇರಿಕೊಳ್ಳುವ ಆರ್‌ಪಿಎಂನಲ್ಲಿ ಮಾತ್ರ ಮುಗ್ಗರಿಸಿದರೆ, ಅಥವಾ ಪ್ಲಗ್ ಸೀಸದಿಂದ ಕಟ್ಟಿದ್ದರೆ, ರೇಲ್ ಪ್ರೆಶರ್ ಅಲುಗುವುದೇ ಇಲ್ಲ. ನಿಮ್ಮದು ಪ್ರೆಶರ್ ಜೊತೆಗೇ ಬೀಳುತ್ತಿದೆ.

ಇ20 ಬಗ್ಗೆ ಒಂದು ಮಾತು. ಪುಣೆಯ ಮಳೆಗಾಲದಲ್ಲಿ ಅರ್ಧ ತುಂಬಿದ ಟ್ಯಾಂಕ್ ತಿಂಗಳುಗಟ್ಟಲೆ ನಿಂತಿದ್ದರೆ ಎಥನಾಲ್ ತೇವ ಹೀರಿಕೊಂಡು, ಮಿತಿ ಮೀರಿದ ಮೇಲೆ ನೀರಿನ ಜೊತೆ ಕೆಳಗೆ ಕೂರುತ್ತದೆ. ಔಟ್‌ಲೆಟ್ ಎಳೆಯುವುದು ಕೆಳಗಿನ ಪದರವನ್ನೇ. ಆ ಪದರದಲ್ಲಿ ಟೂ-ಸ್ಟ್ರೋಕ್ ಆಯಿಲ್ ಇರುವುದಿಲ್ಲ, ಅದು ಮೇಲಿನ ಪೆಟ್ರೋಲ್‌ನಲ್ಲೇ ಉಳಿಯುತ್ತದೆ. ಆಯಿಲ್ ಪಂಪ್ ತೆಗೆದ ರೋಟರಿಗೆ ಇದಕ್ಕಿಂತ ಕೆಟ್ಟದ್ದಿಲ್ಲ. ಅದೇ ನೀರು ಪೇಪರ್ ಫಿಲ್ಟರಿನ ಮಡಿಕೆ ಉಬ್ಬಿಸಿ, ಕಸವೇ ಇಲ್ಲದೆ ಕಟ್ಟಿಸುತ್ತದೆ. ಸಂಪ್‌ನಿಂದ (ಟ್ಯಾಂಕ್ ತಳದ ಗುಂಡಿ) ಗಾಜಿನ ಜಾಡಿಗೆ ತೆಗೆದು ಹತ್ತು ನಿಮಿಷ ನಿಲ್ಲಿಸಿ, ಗೆರೆ ಕಾಣುತ್ತದೆಯೇ ನೋಡಿ.

ವಾಸ್ಕೋ:

ಪಂಪಿನ ಮೊದಲೇ 10 ಮೈಕ್ರಾನ್ ಹಾಕಿದರೆ ಪಂಪ್‌ಗೂ ರಕ್ಷಣೆ, ಇಂಜೆಕ್ಟರ್‌ಗೂ ರಕ್ಷಣೆ ಅಲ್ಲವೇ? ಮೂರು ಕಡೆ ಜಾಲರಿ ಯಾಕೆ ಬೇಕು?

ಹಡಪಸರ ಗಾಳಿ:

ಬ್ಯಾಡ್ರಿ, ಅದು ಅಪಾಯ. ಪಂಪ್ 3 ಬಾರ್ ತಳ್ಳಬಲ್ಲದು, ಆದ್ರ ಎಳೆಯೋದಕ್ಕ ಅದರ ಹತ್ತಿರ ಇರೋದು ವಾತಾವರಣದ ಒತ್ತಡ ಅಷ್ಟೇ. ಭೋಸರಿ ಸಮುದ್ರಮಟ್ಟದಿಂದ 560 ಮೀಟರ್ ಆಸುಪಾಸು, ಅಲ್ಲಿ ಅದು 95 ಕಿಲೋಪ್ಯಾಸ್ಕಲ್. ಬಂಕಿನ ಪೆಟ್ರೋಲಿನ ಆವಿ ಒತ್ತಡ 38 ಡಿಗ್ರಿಯಲ್ಲಿ 60 ಅಂತ ಹಿಡೀರಿ. ನೆಲದ ಮ್ಯಾಲೆ 35 ಉಳೀತು. ಹತ್ತು ಸಾವಿರ ಅಡಿಗೆ ಹೋದ್ರ ವಾತಾವರಣ 70, ಬಿಸಿ ಆರದ ಅದೇ ಪೆಟ್ರೋಲಿಗೆ ಉಳಿಯೋದು ಬರೀ 10. ಎಳೆಯೋ ಕಡೆ ಫಿಲ್ಟರ್, ಹೋಸ್, ವಾಲ್ವ್, ತಿರುವು ಎಲ್ಲ ಸೇರಿ ಆ 10ರೊಳಗ ಮುಗೀಬೇಕು. ಮೀರಿತು ಅಂದ್ರ ಪೆಟ್ರೋಲ್ ಹೋಸಿನಾಗೇ ಕುದೀತದ. ವಿಮಾನದ ಪೆಟ್ರೋಲ್ ಆವ್‌ಗ್ಯಾಸ್ 100ಎಲ್‌ಎಲ್‌ಗೆ ಈ ಒತ್ತಡ 38ರಿಂದ 49ರ ನಡುವೆ, ಅಲ್ಲಿ ಉಸಿರಾಡ್ಲಿಕ್ಕೆ ಜಾಗ ಹೆಚ್ಚು. (ಆದ್ರ ಅದರ ಸೀಸ ಲ್ಯಾಂಬ್ಡಾ ಸೆನ್ಸರ್ ಕೆಡಸ್ತದ, ಅದು ಬೇರೆ ವಿಷಯ.)

ಅದಕ್ಕೇ ಎಳೆಯೋ ಕಡೆ ದಪ್ಪ ಜಾಲರಿ, ತಳ್ಳೋ ಕಡೆ ಸಣ್ಣದು. 100 ಮೈಕ್ರಾನ್ ಪಂಪ್ ಉಳಿಸ್ತದ, 10 ಮೈಕ್ರಾನ್ ಇಂಜೆಕ್ಟರ್ ಉಳಿಸ್ತದ. ಎಳೆಯೋ ಹೋಸ್ ಎಕ್ಸಾಸ್ಟ್‌ನಿಂದ ದೂರ ಇರಲಿ; ರೋಟರಿಯ ಎಕ್ಸಾಸ್ಟ್ 900 ಡಿಗ್ರಿ ಆಸುಪಾಸು, ಬಳಿ ಹೋದ ಹೋಸ್ ಕೆಂಡದ ಪಕ್ಕ ಇಟ್ಟ ಹಾಗೆ.

ಭೋಸರಿ ಶೆಡ್:

ಅಳೆದೆ. ಎಲ್ಲ 13.8 ವೋಲ್ಟ್‌ನಲ್ಲಿ.

ಎಡ ಟ್ಯಾಂಕ್, ಒಂದನೇ ಪಂಪ್: ಮೊದಲ ಲೀಟರ್ 40 ಸೆಕೆಂಡ್, ನಂತರ 60, 75, 85, 95. ಐದು ಲೀಟರಿಗೆ 5 ನಿಮಿಷ 55 ಸೆಕೆಂಡ್. ಎರಡನೇ ಪಂಪ್ ಹೆಚ್ಚು ಕಡಿಮೆ ಅದೇ. ಎರಡೂ ಒಟ್ಟಿಗೆ ಹಾಕಿದ್ರೆ ಕೀರಲು ದನಿ ಜಾಸ್ತಿ, ಹರಿವು ಹೆಚ್ಚಲಿಲ್ಲ. ಆಂಪ್ 7ರಿಂದ ಶುರುವಾಗಿ 5.5ಕ್ಕೆ ಇಳಿದು ನಡುಗುತ್ತಿತ್ತು. ಮುಚ್ಚಳ ತೆಗೆದ್ರೂ ಅದೇ. ರಿಟರ್ನ್‌ನಲ್ಲಿ ಗುಳ್ಳೆ ಇಲ್ಲ. ಹತ್ತು ನಿಮಿಷ ಪಂಪ್ ನಿಲ್ಲಿಸಿ ಮತ್ತೆ ಹಾಕಿದ್ರೆ ಮೊದಲ ಲೀಟರ್ ಮತ್ತೆ 40 ಸೆಕೆಂಡಿಗೇ ಬರುತ್ತೆ.

ಬಲ ಟ್ಯಾಂಕ್, ಯಾವ ಪಂಪ್ ಹಾಕಿದ್ರೂ ಪ್ರತಿ ಲೀಟರಿಗೆ 16–17 ಸೆಕೆಂಡ್. ಆಂಪ್ 7, ಸ್ಥಿರ.

ಹಡಪಸರ ಗಾಳಿ:

ಸಿಕ್ತು ನೋಡ್ರಿ. ಬಲ ಟ್ಯಾಂಕಿಂದ ಗಂಟೆಗೆ 215 ಲೀಟರ್ ಹತ್ತಿರ ಬರ್ತದ ಅಂದ್ರ ಎರಡೂ ಪಂಪ್, ಎರಡೂ ಪ್ರೀ-ಫಿಲ್ಟರ್, 10 ಮೈಕ್ರಾನ್, ರೆಗ್ಯುಲೇಟರ್ ಎಲ್ಲ ಸ್ವಚ್ಛ. ಉಳಿದದ್ದು ಎಡ ಟ್ಯಾಂಕ್‌ನಿಂದ ಸೆಲೆಕ್ಟರ್ ತನಕ, ಅಷ್ಟೇ. ನಿಮ್ಮ ಲೀಟರ್ ಲೆಕ್ಕ ಇನ್ನೂ ಒಂದು ಹೇಳ್ತದ: ಮೊದಲ ಲೀಟರ್ ಗಂಟೆಗೆ 90ರ ವೇಗದಾಗ ಬಂದು, ಕೊನೇದು 38ಕ್ಕೆ ಇಳಿದದ. ನಿಲ್ಲಿಸಿದ್ರ ಮತ್ತೆ ಮೊದಲಿನಂತೆ. ಗಟ್ಟಿಯಾಗಿ ಕೂತ ಅಡ್ಡಿ ಹಾಗೆ ಮಾಡೋದಿಲ್ಲ. ತೇಲೋ ಕಸ, ಎಳೆದಾಗ ಬಂದು ಜಾಲರಿಗೆ ಅಪ್ಪಿಕೊಳ್ತದ, ಬಿಟ್ಟಾಗ ಉದುರ್ತದ. ಗ್ರೌಂಡ್ ರನ್‌ನಲ್ಲಿ 40 ಸೆಕೆಂಡ್ ಸರಿ ಇದ್ದು ಆಮೇಲೆ ಬಿದ್ದದ್ದೂ ಇದಕ್ಕೇ. ಹಾರಿದ್ರ ಆ 40 ಸೆಕೆಂಡ್ ರನ್‌ವೇ ದಾಟಿದ ಮೇಲೆ ಮುಗೀತಿತ್ತು.

ಟ್ಯಾಂಕ್ ಪೂರ್ತಿ ಇಳಿಸಿ ಔಟ್‌ಲೆಟ್ ಫಿಟ್ಟಿಂಗ್ ಬಿಚ್ಚ್ರಿ. ಜಾಲರಿಯನ್ನ ತೊಳೀಬ್ಯಾಡ್ರಿ, ಸ್ಟೀಲ್ ತಟ್ಟೆಗೆ ಉಲ್ಟಾ ತಟ್ಟಿ, ಬಂದದ್ದನ್ನ ಬಿಸಿಲಿಗೆ ಹಿಡಿದು ನೋಡ್ರಿ.

ಭೋಸರಿ ಶೆಡ್:

ಬಿಚ್ಚಿದೆ. ಔಟ್‌ಲೆಟ್‌ನಲ್ಲಿ ಬೆರಳಿನಾಕಾರದ ಜಾಲರಿ ಇಲ್ಲ. ಫಿಟ್ಟಿಂಗ್ ಬಾಯಿಗೆ ಚಪ್ಪಟೆ ಬಿಲ್ಲೆಯ ಹಾಗೆ ಸಣ್ಣ ಜಾಲರಿ ಕೂರಿಸಿದೆ. ಅದರ ಮೇಲೆ ಬೂದು ಬಣ್ಣದ ನೆನೆದ ಹತ್ತಿಯಂಥ ಪದರ, ಉಗುರಿನಷ್ಟು ದಪ್ಪ. ಒಣಗಿದ ಮೇಲೆ ಬಿಸಿಲಿಗೆ ಸೂಜಿಯಂತೆ ಮಿಂಚುತ್ತೆ. ಅಲ್ಲಲ್ಲಿ ತೆಳು ಹಳದಿ ಸಿಪ್ಪೆ. ಸಂಪ್‌ನಲ್ಲಿ ನೀರಿನ ಗೆರೆ ಇಲ್ಲ.

ಜುಹು ಹ್ಯಾಂಗರ್:

ಮಿಂಚುವುದು ಗಾಜಿನ ನಾರು. ಟ್ಯಾಂಕ್ ಒಳಗೆ ಕತ್ತರಿಸಿದ ಬಟ್ಟೆಯ ಅಂಚಿಗೆ, ಕೊರೆದ ತೂತಿಗೆ ರೆಸಿನ್ ಹಚ್ಚದೆ ಬಿಟ್ಟಿದ್ದಾರೆ. ಸಿಪ್ಪೆಯನ್ನು ಎರಡು ತೊಟ್ಟು ಅಸಿಟೋನ್‌ನಲ್ಲಿ ಹಾಕಿ ನೋಡಿ. ಕರಗಿದರೆ ಸೋರಿಕೆ ತಡೆಯಲು ಒಳಗೆ ಸುರಿದ ಸ್ಲೋಶಿಂಗ್ ಕಾಂಪೌಂಡ್ ಎದ್ದು ಬರುತ್ತಿದೆ, ಆಗ ಒಂದು ಸಲ ತೊಳೆದರೆ ಮುಗಿಯುವುದಿಲ್ಲ, ಪೂರ್ತಿ ಕೆರೆದು ತೆಗೆಯಬೇಕು. ಕರಗದೆ ಗಟ್ಟಿ ಉಳಿದರೆ ಗಟ್ಟಿಯಾದ ರೆಸಿನ್ ತುಣುಕು. ರಬ್ಬರಿನಂತೆ ಹಿಗ್ಗಿದರೆ ಸೀಲೆಂಟ್ ಅಥವಾ ಸಿಲಿಕೋನ್. ಸಿಲಿಕೋನ್ ಪೆಟ್ರೋಲ್ ಟ್ಯಾಂಕ್‌ಗೆ ಸೇರಲೇಬಾರದ ವಸ್ತು. ಕಪ್ಪು ಪುಡಿ ಕಂಡರೆ ಹೋಸಿನ ಒಳಪದರ, ಬಿಳಿ ಎಳೆ ಜಗ್ಗಿದರೆ ಉದ್ದವಾದರೆ ಟೆಫ್ಲಾನ್ ಟೇಪ್. ಥ್ರೆಡ್‌ಗೆ ಟೇಪ್ ಸುತ್ತಬೇಡಿ, ಪೆಟ್ರೋಲ್‌ಗೆ ಆಗುವ ಪೇಸ್ಟ್ ಹಚ್ಚಿ, ಮೊದಲ ಎರಡು ಥ್ರೆಡ್ ಬಿಟ್ಟು.

ನಾರು ಎಲ್ಲಿಂದಲೇ ಬರಲಿ, ಆ ಚಪ್ಪಟೆ ಬಿಲ್ಲೆ ಅಲ್ಲಿ ಇರಬಾರದಿತ್ತು. ಟ್ಯಾಂಕ್ ಔಟ್‌ಲೆಟ್‌ನ ಜಾಲರಿಗೆ ಅದೇ ಭಾಗ 23ರಲ್ಲಿ ಇಂಚಿಗೆ 8ರಿಂದ 16 ಕಣ್ಣು, ತೆರೆದ ವಿಸ್ತೀರ್ಣ ಔಟ್‌ಲೆಟ್ ಲೈನಿನ ಕನಿಷ್ಠ ಐದು ಪಟ್ಟು ಎಂದು ಹೇಳಿತ್ತು. 8 ಮಿಲಿಮೀಟರ್ ಒಳಅಳತೆಯ ಪೈಪ್ ಅಂದರೆ 50 ಚದರ ಮಿಲಿಮೀಟರ್, ಐದು ಪಟ್ಟು 250. ನಿಮ್ಮ ಬಿಲ್ಲೆಯಲ್ಲಿ ತಂತಿ ಕಳೆದರೆ 50 ಕೂಡ ಇಲ್ಲ. 10 ಮಿಲಿಮೀಟರ್ ದಪ್ಪ, 40 ಉದ್ದದ ಬೆರಳಿನಾಕಾರದ ಜಾಲರಿ ಹಾಕಿದರೆ, ಅರ್ಧ ತಂತಿಗೆ ಹೋದರೂ 600 ದಾಟುತ್ತದೆ. ಟ್ಯಾಂಕ್ ಜಾಲರಿಯ ಕೆಲಸ ಎಲೆ, ಹುಳ, ದೊಡ್ಡ ಸಿಪ್ಪೆ ತಡೆಯುವುದು. ಸಣ್ಣದನ್ನು ಕೈಗೆಟಕುವ ಪ್ರೀ-ಫಿಲ್ಟರ್ ಹಿಡಿಯಲಿ.

ತೊಳೆಯುವುದು ಹೀಗೆ: ಅಂಚು ಸಿಕ್ಕಿದಲ್ಲೆಲ್ಲ ಮರಳು ಕಾಗದ ಉಜ್ಜಿ ವಿನೈಲ್ ಎಸ್ಟರ್ ರೆಸಿನ್ ಹಚ್ಚಿ, ಪೂರ್ತಿ ಗಟ್ಟಿಯಾಗಲು ಬಿಡಿ. ನಂತರ 15–20 ಲೀಟರ್ ಪೆಟ್ರೋಲ್ ಹಾಕಿ, ಇಬ್ಬರು ರೆಕ್ಕೆಯ ತುದಿ ಹಿಡಿದು ಐದು ನಿಮಿಷ ತೂಗಿ, ಪೇಂಟ್ ಅಂಗಡಿಯ ನೈಲಾನ್ ಸೋಸುಬಟ್ಟೆಯ ಮೂಲಕ ಪೂರ್ತಿ ಇಳಿಸಿ. ಬಟ್ಟೆಯಲ್ಲಿ ಏನೂ ಕಾಣದಿರುವವರೆಗೆ ಇದೇ. ಮೂರ್ನಾಲ್ಕು ಸಲ ಬೇಕಾದೀತು. ಬಲ ಟ್ಯಾಂಕ್‌ನಲ್ಲೂ ಅದೇ ಬಿಲ್ಲೆ ಇದ್ದರೆ ಈಗಲೇ ಬದಲಿಸಿ, ಅಲ್ಲಿ ಹರಿವು ಚೆನ್ನಾಗಿದೆ ಎಂದು ಬಿಡಬೇಡಿ.

ಭೋಸರಿ ಶೆಡ್:

ಸಿಪ್ಪೆ ಅಸಿಟೋನ್‌ನಲ್ಲಿ ಕರಗಲಿಲ್ಲ, ರೆಸಿನ್ ತುಣುಕೇ. ಕೊನೇ ಪ್ರಶ್ನೆ: ಪ್ರೀ-ಫಿಲ್ಟರಿನ ಸ್ಟೀಲ್ ಎಲಿಮೆಂಟ್ ತೊಳೆದು ಮತ್ತೆ ಹಾಕಬಹುದಾ? ಎಷ್ಟು ಗಂಟೆಗೊಮ್ಮೆ ಬಿಚ್ಚಬೇಕು?

ಹಡಪಸರ ಗಾಳಿ:

ಸ್ಟೀಲ್ ತೊಳೀಬಹುದು, ಪೇಪರ್ ತೊಳೀಬಾರದು. ಹರಿವಿನ ಉಲ್ಟಾ ದಿಕ್ಕಿನಿಂದ ಸ್ವಚ್ಛ ಪೆಟ್ರೋಲ್ ಹಾಯಿಸ್ರಿ, ಆಮೇಲೆ ಅಲ್ಟ್ರಾಸಾನಿಕ್ ತೊಟ್ಟಿಯಲ್ಲಿ ಉರಿಯದ ಕ್ಲೀನರ್ ಹಾಕಿ ಹತ್ತು ನಿಮಿಷ. ಪೆಟ್ರೋಲ್ ಆ ತೊಟ್ಟಿಗೆ ಹಾಕಬ್ಯಾಡ್ರಿ, ಬೆಂಕಿ ಹಿಡೀತದ. ಪೂರ್ತಿ ಒಣಗಿಸಿ ಟ್ಯೂಬ್‌ಲೈಟ್ ಎದುರು ತಿರುಗಿಸಿ ನೋಡ್ರಿ. ಬೆಳಕು ಎಲ್ಲ ಕಡೆ ಒಂದೇ ಸಮ ಬರಬೇಕು. ಒಂದೇ ಕಡೆ ಹೆಚ್ಚು ಬೆಳಕು ಬಂದ್ರ ಜಾಲರಿ ಹರಿದದ, ಬಿಸಾಡ್ರಿ. ನಾರು ಮಡಿಕೆಯೊಳಗ ಹೆಣಕೊಂಡು ಕೂತಿದ್ರ ಬ್ರಷ್ ಹಾಕಿ ಉಜ್ಜೋದಕ್ಕಿಂತ ಹೊಸ ಎಲಿಮೆಂಟ್ ಹಾಕೋದು ಮೇಲು. ಬಿಚ್ಚಿದಾಗಲೆಲ್ಲ ಓ-ರಿಂಗ್ ಹೊಸದು, ಇ20ಗೆ ತಡೆಯೋ ವಿಟಾನ್ ಕೇಳಿ ತಗೋರಿ. ಬಾಣದ ಗುರುತು ಹರಿವಿನ ದಿಕ್ಕಿಗೇ ಇದೆಯಾ ನೋಡಿ ಬಿಗಿಸ್ರಿ.

ಹೊಸ ಟ್ಯಾಂಕ್ ಅಂದ ಮೇಲೆ ಕಸ ಬರೋದು ಶುರುವಿನಾಗೇ. ರನ್ ಶುರುವಾಗಿ 1, 5, 10, 25 ಗಂಟೆಗೆ ಪ್ರೀ-ಫಿಲ್ಟರ್ ಬಿಚ್ಚಿ ನೋಡ್ರಿ. ಮೂರು ಸಲ ಸತತವಾಗಿ ಸ್ವಚ್ಛ ಬಂದ್ರ 50ಕ್ಕೆ ಹೋಗ್ರಿ. 10 ಮೈಕ್ರಾನ್ ಪೇಪರ್ 25ಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ. ತೆಗೆದ ಪೇಪರ್ ಫಿಲ್ಟರ್ ಕತ್ತರಿಸಿ ಮಡಿಕೆ ಬಿಡಿಸಿ ನೋಡದೇ ಎಸೀಬ್ಯಾಡ್ರಿ.

10 ಮೈಕ್ರಾನಿನ ಎರಡೂ ಕಡೆ ಗೇಜ್ ಪೋರ್ಟ್ ಇರೋ ಟೀ ಹಾಕಿಡ್ರಿ, ಭೋಸರಿಯ ಹೈಡ್ರಾಲಿಕ್ ಫಿಟ್ಟಿಂಗ್ ಅಂಗಡಿಗಳಾಗ 37 ಡಿಗ್ರಿ ಜೆಐಸಿ ಫಿಟ್ಟಿಂಗ್ ಸಿಗ್ತಾವ. ಅಳೆಯುವಾಗ ಎರಡು ಗೇಜ್ ಬ್ಯಾಡ, ಒಂದೇ ಗೇಜನ್ನ ಎರಡೂ ಕಡೆ ಹಾಕಿ ನೋಡ್ರಿ. 7 ಬಾರ್‌ನ ಎರಡು ಅಗ್ಗದ ಗೇಜ್ ನಡುವೆ 0.1 ಬಾರ್ ವ್ಯತ್ಯಾಸ ಇರೋದು ಸಾಮಾನ್ಯ, ನೀವು ಹುಡುಕೋ ವ್ಯತ್ಯಾಸವೇ ಅಷ್ಟು.

ಎಲ್ಲ ಜೋಡಿಸಿದ ಮೇಲೆ ಪಂಪ್ ಎರಡು ನಿಮಿಷ ಓಡಿಸಿ ಪ್ರತಿ ಜಾಯಿಂಟ್ ಒರೆಸಿ ಸೋರಿಕೆ ನೋಡ್ರಿ. ಆಮೇಲೆ ಎಡ ಟ್ಯಾಂಕಿಂದ ಇಪ್ಪತ್ತು ಲೀಟರ್, ಒಂದೊಂದು ಲೀಟರಿನ ಸಮಯ ಬರೀರಿ. ಕೊನೇ ಲೀಟರೂ 17 ಸೆಕೆಂಡಿಗೇ ಬಂದ್ರ ಥ್ರಾಟಲ್ ಕೊಡ್ರಿ, ಮೊದಲು ಒಂದು ನಿಮಿಷ, ಆಯಿಲ್ ಮತ್ತು ಕೂಲೆಂಟ್ ಟೆಂಪರೇಚರ್ ನೋಡಿಕೊಂಡು ಆಮೇಲೆ ಮೂರು ನಿಮಿಷ. ರೋಟರಿಯ ಬಿಸಿಯಲ್ಲಿ ಮೂರನೇ ಒಂದು ಪಾಲು ಆಯಿಲ್ ಮೂಲಕವೇ ಹೋಗಬೇಕು. ನಿಂತ ವಿಮಾನದಾಗ ಆಯಿಲ್ ಕೂಲರಿಗೆ ಗಾಳಿ ಸಾಲೋದಿಲ್ಲ, ಹಾಗಾಗಿ ಮೂರು ನಿಮಿಷ ದಾಟಬ್ಯಾಡ್ರಿ.